ಕುಂಕುಮ ಹಚ್ಚಿದ ಸಿ.ಡಿ.

"ಇವೆರಡೂ ಒಂದೇ ದಪ್ಪ ಇದಾವಲ್ರಾ ಮೇಡಂ," ಎಂದ ದತ್ತಾ.

ಕೋಡಿಬಾಗದ ಅವನ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಫ್ಯಾನು ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಪರದೆಯ ಮೇಲೆ ಐದು ಸಾಲುಗಳಿದ್ದವು. ಐದು ಸಿ.ಡಿ., ಐದು ವರ್ಷ, ಐದು ಫೈಲು. ಮೊದಲ ಮೂರು ಹೆಚ್ಚು ಕಡಿಮೆ ಒಂದೇ ಗಾತ್ರದವು. 2005 ಮತ್ತು 2006ರವು ಅವುಗಳ ಎರಡರಷ್ಟಿದ್ದವು. ಅವೆರಡರ ನಡುವೆ ಮಾತ್ರ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ನಾನು ನೋಡಿದೆ. ನೋಡಿದ್ದು ತಲೆಗೆ ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಈಚೆಗೆ ನನಗೆ ಎಲ್ಲವೂ ಹಾಗೆಯೇ. ಯಾರೋ ಪಕ್ಕದ ಮನೆಯಲ್ಲಿ ಮಾತಾಡಿದಂತೆ ಕೇಳಿಸುತ್ತದೆ.

ಸಿ.ಡಿ.ಗಳು ಪುಂಡಲೀಕ ಶಾನಭಾಗರವು. ಎರಡು ತಿಂಗಳ ಹಿಂದೆ ತಮ್ಮದೇ ಹಿತ್ತಲ ಬಾವಿಯಲ್ಲಿ, ತಲೆಯ ಹಿಂಬದಿಗೆ ಪೆಟ್ಟು ಬಿದ್ದು ಹೆಣವಾಗಿ ಸಿಕ್ಕವರು. ಅವರ ಮನೆಯ ಆಳು, ಹಟ್ಟಿಕೇರಿಯ ನಾಗು, ಜೈಲಿನಲ್ಲಿದ್ದ. ಅವನ ಮೇಲಿನ ಚಾರ್ಜ್‌ಶೀಟು ನಾಳೆ ಬೆಳಿಗ್ಗೆ ನನ್ನ ಸಹಿಯೊಂದಿಗೆ ಕೋರ್ಟಿಗೆ ಹೋಗಬೇಕಿತ್ತು.

ಶಾನಭಾಗರದು ಹಳೇ ವ್ಯಾಪಾರದ ಮನೆತನ. ದೀಪಾವಳಿಯ ಪಾಡ್ಯದಂದು ಹಳೆಯ ಲೆಕ್ಕ ಮುಚ್ಚಿ ಹೊಸ ವಹಿಗೆ ಪೂಜೆ ಮಾಡುವವರು. ವಹಿ ಹೋಗಿ ಕಂಪ್ಯೂಟರು ಬಂದರೂ ಪದ್ಧತಿ ಹೋಗಲಿಲ್ಲ. ಮೀನು, ಹಾಲು, ಕರೆಂಟು ಬಿಲ್ಲು, ಮನೆಯಲ್ಲಿರುವ ಬಂಗಾರದ ಪಟ್ಟಿ, ಎಲ್ಲವನ್ನೂ ಮನೆಲೆಕ್ಕದ ಸಾಫ್ಟ್‌ವೇರಿನಲ್ಲಿ ಬರೆಯುತ್ತಿದ್ದರು. ಪಾಡ್ಯ ಬಂತೆಂದರೆ ಆ ವರ್ಷದ ಫೈಲನ್ನು ಸಿ.ಡಿ.ಗೆ ಇಳಿಸಿ, ಕುಂಕುಮ ಹಚ್ಚಿ, ದೇವರ ಕೋಣೆಯ ಮಾಡದಲ್ಲಿ ಇಟ್ಟು, ಹೊಸ ಫೈಲು ತೆರೆಯುತ್ತಿದ್ದರು.

ಆ ಐದನ್ನೂ ಠಾಣೆಗೆ ತಂದುಕೊಟ್ಟವನು ಅಂಕೋಲೆಯ ಅಳಿಯ ವಿಕಾಸ ಕಾಮತ. ಮನೆಯ ಕಂಪ್ಯೂಟರು ಮಾತ್ರ ಸಿಡಿಲಿಗೆ ಸುಟ್ಟಿತೆಂದು ಹೇಳಿದ್ದ.

"ದಪ್ಪ ಇದ್ರೆ ಏನಾಯ್ತು?" ಎಂದೆ.

"ಈ ಫೈಲು ದಿನಾ ಬರ್ದ ಹಾಂಗೆ ದಿನಾ ಬೆಳೀತದೆ ಮೇಡಂ. ಆದ್ರೆ ಅಳಿಸಿದ್ರೆ ಸಣ್ಣ ಆಗೂದಿಲ್ಲ."

"ಅಳಿಸಿದ್ದು ಎಲ್ಲಿಗೆ ಹೋಗ್ತದೆ?"

"ಕಣ್ಣಿಗೆ ಕಾಣೂದಿಲ್ಲ ಅಷ್ಟೇ. ಅದ್ರ ಜಾಗ ಹಾಂಗೇ ಖಾಲಿ ಉಳೀತದೆ. ಮನೇಲಿ ಒಬ್ರು ಹೋದ್ರು ಅಂತ ಮನೆ ಸಣ್ಣ ಆಗೂದಿಲ್ವಲ್ಲ, ಹಾಂಗೆ."

ಹೇಳಿದ ಮೇಲೆ ಯಾರಿಗೆ ಹೇಳಿದೆ ಎಂಬುದು ಅವನಿಗೆ ನೆನಪಾಯಿತು. ಕೀಬೋರ್ಡಿನ ಧೂಳು ಒರೆಸತೊಡಗಿದ. ನನ್ನ ಗಂಡ ಸತೀಶ ಗೋವಾದ ಕೆಲಸ ಮುಗಿಸಿ ಬೈಕಿನಲ್ಲಿ ಬರುವಾಗ ಮಾಜಾಳಿಯ ಹತ್ತಿರ ಅಪಘಾತದಲ್ಲಿ ಹೋದದ್ದು ಈ ಮಳೆಗಾಲದಲ್ಲಿ. ಊರಿಗೆಲ್ಲ ಗೊತ್ತಿರುವ ಸುದ್ದಿ.

"ಪರವಾಗಿಲ್ಲ, ಮುಂದೆ ಹೇಳು."

"ಪಾಡ್ಯಕ್ಕೆ ಹೊಸ ಫೈಲು ತೆಗೆದ್ರೆ ಅದು ಸಣ್ಣದಿಂದ ಶುರು ಆಗ್ಬೇಕು. ಒಂದೇ ವರ್ಷಕ್ಕೆ ಇಷ್ಟು ದಪ್ಪ ಆಗೂಕೆ ಸಾಧ್ಯ ಇಲ್ಲ. ಎರಡು ವರ್ಷದ್ದು ಒಂದೇ ಫೈಲಲ್ಲಿ ಬರ್ದಿದ್ರು. ಯಾರೋ ಅದನ್ನ ಎರಡು ಪ್ರತಿ ಮಾಡಿ, ಒಂದ್ರಲ್ಲಿ ಮುಂದಿನ ವರ್ಷ ಅಳಿಸಿದಾರೆ, ಇನ್ನೊಂದ್ರಲ್ಲಿ ಹಿಂದಿನ ವರ್ಷ. ಅದಕ್ಕೇ ಎರಡೂ ಒಂದೇ ಅಳತೆ."

"ತಾರೀಕು ಸರಿಯಾಗೇ ಇದೆಯಲ್ಲ?"

"ಕಂಪ್ಯೂಟರಿನ ಗಡಿಯಾರ ಹಿಂದೆ ತಿರುಗ್ಸಿದ್ರೆ ಹಳೇ ತಾರೀಕೇ ಬೀಳ್ತದೆ. ಅದೇನು ದೊಡ್ಡ ವಿದ್ಯೆ ಅಲ್ಲ."

"ಖಾಲಿ ಜಾಗ ತೆಗೆದು ಫೈಲು ಸಣ್ಣ ಮಾಡೂಕೆ ಬರೂದಿಲ್ವಾ?"

"ಬರ್ತದೆ, ಅದಕ್ಕೊಂದು ಬಟನ್ ಅದೆ. ಆದ್ರೆ ಈ ಸಾಫ್ಟ್‌ವೇರಲ್ಲಿ ದಿನಾ ಲೆಕ್ಕ ಬರೆದವ್ರಿಗೆ ಮಾತ್ರ ಅದು ಹೊಳೀತದೆ."

ದಿನಾ ಲೆಕ್ಕ ಬರೆಯುತ್ತಿದ್ದವರು ಶಾನಭಾಗರೊಬ್ಬರೇ. ಹಾಗಾದರೆ ಇದು ಅವರ ಕೈಕೆಲಸವಲ್ಲ.

ನಾನು ಸಿ.ಡಿ.ಗಳನ್ನು ಲಕೋಟೆಗೆ ಹಾಕಿಕೊಂಡೆ. ಐದರ ಮೇಲೂ ಬೆರಳಿನಿಂದ ಒತ್ತಿದ ಕುಂಕುಮದ ಬೊಟ್ಟು ಇತ್ತು.

ನಾಗುವಿನ ಕುತ್ತಿಗೆಗೆ ಬಿದ್ದ ಹಗ್ಗವೇ ಆ 2005ರ ಸಿ.ಡಿ. ಶಾನಭಾಗರ ಹೆಂಡತಿ ಚಂಪಾಬಾಯಿಗೆ ತವರಿನಿಂದ ಬಂದ, ಬಂಗಾರದ ನಾಣ್ಯ ಪೋಣಿಸಿದ ಪುತಳಿ ಸರವೊಂದಿತ್ತು. ಆ ವರ್ಷ ಚೌತಿ ಮುಗಿದ ಮೇಲೆ ಅವರು ತೀರಿಕೊಂಡರು. ಹದಿಮೂರರ ಊಟ ಮುಗಿದದ್ದೇ ಒಡೇರು, ಅಂದರೆ ಯಜಮಾನ ಶಾನಭಾಗರು, ಆ ಸರವನ್ನು ಇಟ್ಟುಕೊಳ್ಳಲು ಅಳಿಯನ ಕೈಗೆ ಕೊಟ್ಟರು, ಅದು ಅಂಕೋಲೆಗೆ ಹೋಯಿತು, ಈಚೆಗೆ ವಾಪಸು ಕೇಳುತ್ತಿದ್ದರು ಎಂದು ನಾಗು ಹೇಳಿದ. ತಾನು ಅದನ್ನು ಕಣ್ಣಿಂದಲೂ ಕಂಡಿಲ್ಲ ಎಂದು ವಿಕಾಸ ಹೇಳಿದ.

ಸಿ.ಡಿ. ವಿಕಾಸನ ಪರ ಸಾಕ್ಷಿ ಹೇಳಿತು. ಚಂಪಾಬಾಯಿ ಹೋದ ಮೇಲೆ ಬಂದ ಪಾಡ್ಯದ ದಿನದ ಪಟ್ಟಿಯಲ್ಲೂ ಸರ ಕೋಡಿಬಾಗದ ಪೆಟ್ಟಿಗೆಯಲ್ಲೇ ಇತ್ತು. ಪೆಟ್ಟಿಗೆಯ ಬೀಗದ ಕೈ ಇರುತ್ತಿದ್ದುದು ನಾಗುವಿನ ಸೊಂಟದಲ್ಲಿ. ಈಗ ಪೆಟ್ಟಿಗೆಯಲ್ಲಿ ಸರವಿಲ್ಲ. ಕದ್ದ, ಒಡೇರಿಗೆ ಗೊತ್ತಾಯಿತು, ಬಾವಿಗೆ ತಳ್ಳಿದ. ಇಷ್ಟು ಸುಲಭದ ಕೇಸು ನನಗೆ ಸಿಕ್ಕಿದ್ದೇ ಕಡಿಮೆ.

ಠಾಣೆಯ ಹೊರಗಿನ ಬೆಂಚಿನ ಮೇಲೆ ನಾಗುವಿನ ಹೆಂಡತಿ ಸುಬ್ಬಿ ಕೂತಿದ್ದಳು. ದಿನಾ ಹಟ್ಟಿಕೇರಿಯಿಂದ ಬಸ್ಸಿನಲ್ಲಿ ಬರುತ್ತಾಳೆ, ಕೂರುತ್ತಾಳೆ, ಸಂಜೆ ಬಸ್ಸಿಗೆ ಹೋಗುತ್ತಾಳೆ. ಅಳುವುದಿಲ್ಲ, ಕಾಲು ಹಿಡಿಯುವುದಿಲ್ಲ.

"ನಾಳೆಗೆ ಅಂತಲ್ರಾ ಅಮ್ಮಾ?"

"ಹೂಂ."

"ನಮ್ಮನೆಯವ್ರಿಗೆ ಬಾವಿ ಅಂದ್ರೆ ಹೆದ್ರಿಕೆ. ಒಡೇರನ್ನ ಎತ್ಬೇಕು ಅಂತ ಇಳಿದ್ರು. ಇಳೀದೇ ಇದ್ರೆ ಬಟ್ಟೆ ಒದ್ದೆ ಆಗ್ತಿರ್ಲಿಲ್ಲ, ನೀವು ಹಿಡೀತಿರ್ಲಿಲ್ಲ."

ಅಷ್ಟು ಹೇಳಿ ಅವಳು ಮತ್ತೆ ರಸ್ತೆ ನೋಡತೊಡಗಿದಳು. ಈ ಮಾತಿಗೆ ನನ್ನೊಳಗೆ ಏನಾದರೂ ಆಗಬೇಕಿತ್ತು. ಏನೂ ಆಗಲಿಲ್ಲ. ಅವಳ ಮುಖದಲ್ಲೂ ಏನೂ ಇರಲಿಲ್ಲ. ಒಂದು ಕ್ಷಣ ಕನ್ನಡಿ ನೋಡಿದ ಹಾಗಾಯಿತು.

ಒಳಗೆ ಹೋಗಿ ಡಿ.ವೈ.ಎಸ್.ಪಿ. ಸಾಹೇಬರಿಗೆ ಫೋನು ಮಾಡಿದೆ. ಅವರು ತಾಳ್ಮೆಯಿಂದಲೇ ಕೇಳಿದರು. ನನ್ನ ಗಂಡ ಸತ್ತಂದಿನಿಂದ ಎಲ್ಲರೂ ನನ್ನ ಮಾತನ್ನು ಹಾಗೆ ಕೇಳುತ್ತಾರೆ, ಜ್ವರದ ಮಗುವಿನ ಮಾತು ಕೇಳಿದಂತೆ.

"ಹರಿಣಿ, ಫೈಲು ದಪ್ಪ ಇದೆ ಅಂತ ಕೋರ್ಟಿನಲ್ಲಿ ಹೇಳ್ತೀರಾ? ಮುದುಕರು ತಪ್ಪಿ ಏನೋ ಕಾಪಿ ಮಾಡಿರ್ತಾರೆ. ಸಿ.ಡಿ. ಮೇಲೆ ಕುಂಕುಮ ಇದೆಯೋ ಇಲ್ಲವೋ?"

"ಇದೆ ಸರ್."

"ಪಾಡ್ಯದ ಪೂಜೆ ಮಾಡಿ ಅವರೇ ಹಚ್ಚಿದ್ದು ತಾನೇ? ಅದಕ್ಕಿಂತ ಇನ್ನೇನು ಬೇಕು? ನಾಳೆ ಸಹಿ ಹಾಕಿ. ಹಬ್ಬಕ್ಕೆ ರಜಾ ತಗೊಳ್ಳಿ."

ಹಬ್ಬಕ್ಕೆ ರಜಾ ತೆಗೆದುಕೊಂಡು ನಾನು ಮಾಡುವುದೇನಿತ್ತು? ಹೆಡ್ ಕಾನ್‌ಸ್ಟೇಬಲ್ ಬೊಮ್ಮಯ್ಯನಿಗೆ ಜೀಪು ತೆಗೆಯಲು ಹೇಳಿದೆ. ನಾಳೆಯೊಳಗೆ ಅಳಿಯನನ್ನು ಒಮ್ಮೆ ಮಾತಾಡಿಸಬೇಕಿತ್ತು, ಅಷ್ಟೇ. ಏನು ಕೇಳಬೇಕೆಂದು ಗೊತ್ತಿರಲಿಲ್ಲ.

ಕಾರವಾರದ ಪೇಟೆ ತುಂಬಿತ್ತು. ಹುಡುಗರು ಗಲ್ಲಿಗಲ್ಲಿಯಲ್ಲಿ ನರಕಾಸುರನ ಬೊಂಬೆಗೆ ಹುಲ್ಲು ತುಂಬುತ್ತಿದ್ದರು. ಅಂಗಡಿಯ ಮುಂದೆ ಕಟ್ಟಿದ ಬಣ್ಣದ ಆಕಾಶಬುಟ್ಟಿಗಳ ಹತ್ತಿರ ಬೊಮ್ಮಯ್ಯ ಜೀಪು ನಿಧಾನ ಮಾಡಿದ.

"ಮೇಡಂ, ಮನೆಗೆ ಒಂದು..."

ಅಲ್ಲಿಗೇ ನಿಲ್ಲಿಸಿದ. ಪಾಪ, ಮೂವತ್ತು ವರ್ಷ ಪೊಲೀಸು ಕೆಲಸ ಮಾಡಿದ ಮನುಷ್ಯ, ಕಿವಿ ಕೆಂಪಗಾಗಿತ್ತು.

"ಈ ವರ್ಷ ನಮಗಿಲ್ಲ ಬೊಮ್ಮಯ್ಯ. ನಡೆ."

ಹೌದು, ವರ್ಷಾಂತಿಕದವರೆಗೆ ನಮ್ಮ ಮನೆಗೆ ಹಬ್ಬವಿಲ್ಲ. ಅತ್ತೆ ಬುಟ್ಟಿಯನ್ನು ಅಟ್ಟದಿಂದ ಇಳಿಸಲಿಲ್ಲ, ಬೆಲ್ಲ ಹೆಚ್ಚಿಗೆ ತರಿಸಲಿಲ್ಲ. ಸತೀಶ ಹೋದ ಹದಿಮೂರನೆಯ ದಿನ ನನ್ನ ಹಣೆಯ ಸ್ಟಿಕ್ಕರನ್ನು ಅವರೇ ತೆಗೆದಿದ್ದರು. ನಾನು ತಡೆಯಲಿಲ್ಲ. ತಡೆಯುವಷ್ಟು ಏನೂ ಅನಿಸಿರಲಿಲ್ಲ.

ಅಂಕೋಲೆ ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು. ವಿಕಾಸನ ಸೈಬರ್ ಕೆಫೆ ಬಸ್‌ಸ್ಟ್ಯಾಂಡಿನ ಹತ್ತಿರ, ಮನೆ ಅದರ ಹಿಂದಿನ ಓಣಿಯಲ್ಲಿ. ಜೀಪು ನಿಂತದ್ದೇ ನಾನು ಮೊದಲು ನೋಡಿದ್ದು ಮನೆಯ ಮಾಡಿಗೆ ಕಟ್ಟಿದ ಆಕಾಶಬುಟ್ಟಿಯನ್ನು. ದೊಡ್ಡದು, ಕೆಂಪು ಮತ್ತು ಹಳದಿ ಕಾಗದದ್ದು, ಬಾಲ ಗಾಳಿಗೆ ಹೊಯ್ದಾಡುತ್ತಿತ್ತು.

ಅದನ್ನೇ ನೋಡುತ್ತ ಸ್ವಲ್ಪ ಹೊತ್ತು ಅಂಗಳದಲ್ಲಿ ನಿಂತೆ. ಏನೋ ಸರಿಯಿಲ್ಲ ಅನಿಸಿತು. ಏನೆಂದು ತಿಳಿಯಲಿಲ್ಲ.

"ಬನ್ನಿ ಮೇಡಂ, ಕೂತ್ಕಳ್ಳಿ." ವಿಕಾಸ ಹೊರಗೆ ಬಂದ. ಅಚ್ಚುಕಟ್ಟಾದ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಮೆತ್ತಗಿನ ಮಾತು. "ದೇವಕಿ, ಮೇಡಂಗೆ ಚಾ."

ಶಾನಭಾಗರ ಒಬ್ಬಳೇ ಮಗಳು ದೇವಕಿ ಅಡುಗೆಮನೆಯ ಬಾಗಿಲಲ್ಲಿ ಕಾಣಿಸಿಕೊಂಡು, ನನ್ನನ್ನು ನೋಡಿ, ಒಳಗೆ ಹೋದಳು. ಅಪ್ಪನ ಹೆಣ ಬಾವಿಯಿಂದ ಮೇಲೆ ಬಂದ ದಿನವೂ ಅವಳ ಮುಖ ಹೀಗೆಯೇ ಇತ್ತು. ಅಂದು ನಾನು ಅದನ್ನು ದುಃಖವೆಂದು ಬರೆದುಕೊಂಡಿದ್ದೆ.

"ನಾಳೆ ಚಾರ್ಜ್‌ಶೀಟಲ್ರಾ?" ಎಂದ ವಿಕಾಸ.

"ಹೌದು. ಸಿ.ಡಿ.ಗಳ ಬಗ್ಗೆ ಒಂದೆರಡು ಮಾತು. ಎಲ್ಲಿ ಸಿಕ್ಕವು ಅಂದ್ರಿ?"

"ದೇವರ ಕೋಣೆ ಮಾಡದಲ್ಲಿ. ಸಾಲಾಗಿ ಇದ್ವು, ವರ್ಷಕ್ಕೊಂದು."

"ಐದೂ?"

"ಐದೂ."

ದೇವಕಿ ಚಾ ತಂದಿಟ್ಟು ಗೋಡೆಗೆ ಒರಗಿ ನಿಂತಳು. ಚಾದ ಜೊತೆಗೆ ಹೊಸದಾಗಿ ಕರಿದ ಚಕ್ಕುಲಿ ಇತ್ತು. ಚಕ್ಕುಲಿ ನೋಡಿದೆ, ಕಿಟಕಿಯಾಚೆ ಬುಟ್ಟಿ ನೋಡಿದೆ. ಆಗ ತಿಳಿಯಿತು.

"ಮಾವ ಹೋಗಿ ಎರಡು ತಿಂಗಳಾಯ್ತು. ನೀವು ಹಬ್ಬ ಮಾಡ್ತಿದ್ದೀರಿ," ಎಂದೆ.

ವಿಕಾಸನಿಗೆ ಬೇಜಾರೇನೂ ಆಗಲಿಲ್ಲ. "ಕೊಟ್ಟ ಹೆಣ್ಣಿಗೆ ಅಪ್ಪ ಅಮ್ಮನ ಸೂತಕ ಮೂರೇ ದಿನ ಅಲ್ರಾ ಮೇಡಂ. ಆಮೇಲೆ ನಮ್ಮ ಮನೆ ನಮಗೆ. ನಮ್ಮ ಆಯಿಗೆ ಹಬ್ಬ ಬಿಟ್ರೆ ಸರಿ ಬರೂದಿಲ್ಲ."

"ಅತ್ತೆ ತೀರಿಕೊಂಡ ವರ್ಷ? ಆಗ್ಲೂ ಮಾಡಿದ್ರಾ?"

"ಮಾಡಿದ್ವಿ. ಪಾಡ್ಯಕ್ಕೆ ಕೆಫೆಯಲ್ಲಿ ಮಿಷನ್‌ಗಳಿಗೆಲ್ಲ ಪೂಜೆ ಮಾಡಿದ್ದು ನಂಗೆ ನೆನಪದೆ."

"ಕೋಡಿಬಾಗದಲ್ಲಿ?"

"ಕೋಡಿಬಾಗದಲ್ಲಿ..." ಎಂದು ಶುರು ಮಾಡಿದ. ಮಾತು ಅಲ್ಲಿಗೇ ಬಿಟ್ಟು ಚಕ್ಕುಲಿ ತಟ್ಟೆಯನ್ನು ನನ್ನ ಕಡೆ ಸರಿಸಿದ.

ನಾನು ಕಾದೆ. ಕಾಯುವುದು ನನಗೀಗ ಕಷ್ಟವಲ್ಲ.

"ಹೆಂಡತಿ ಸತ್ತ ವರ್ಷ ಶಾನಭಾಗರು ದೀಪಾವಳಿ ಮಾಡಿದ್ರಾ ವಿಕಾಸ ಅವರೇ? ಮನೆಯಲ್ಲಿ ದೀಪ ಹಚ್ಚದ ವರ್ಷ ವಹಿಪೂಜೆ ಮಾಡಿದ್ರಾ?"

ನನಗೆ ಇಡೀ ಮಾಡ ಕಣ್ಣೆದುರು ಬಂದಂತಾಯಿತು. ಆ ವರ್ಷ ಪಾಡ್ಯವೇ ಆಗಲಿಲ್ಲ. ಹಳೆಯ ಫೈಲು ಮುಚ್ಚಲಿಲ್ಲ, ಹೊಸದು ತೆರೆಯಲಿಲ್ಲ. ಮೀನು ಹಾಲಿನ ಲೆಕ್ಕ ಅದೇ ಫೈಲಿನಲ್ಲಿ ಮುಂದುವರಿದು, ಎರಡು ವರ್ಷ ಬೆಳೆದು, 2006ರ ಪಾಡ್ಯಕ್ಕೆ ಒಂದೇ ಸಿ.ಡಿ. ಆಗಿ ಮಾಡಕ್ಕೆ ಹೋಯಿತು. ಮಾಡದಲ್ಲಿ ಇದ್ದದ್ದು ನಾಲ್ಕು. ನಡುವೆ ಒಂದು ವರ್ಷ ಇರಲಿಲ್ಲ.

ಯಾರೋ ಆ ಖಾಲಿ ನೋಡಿದ್ದಾರೆ. ಒಂದು ಕಳೆದುಹೋಗಿದೆ ಎಂದುಕೊಂಡಿದ್ದಾರೆ. ಪೊಲೀಸರು ಎಲ್ಲಿ ಎಂದು ಕೇಳಿಯಾರು ಎಂದು ಹೆದರಿ ಅದನ್ನು ತುಂಬಿದ್ದಾರೆ. ಹೇಗೂ ಎರಡು ಫೈಲು ಮಾಡಬೇಕಾಗಿತ್ತು, ಸರ ಅಂಕೋಲೆಗೆ ಹೋಯಿತೆಂದು ಮಾವ ಬರೆದ ಸಾಲನ್ನು ಎರಡರಿಂದಲೂ ತೆಗೆದಿದ್ದಾರೆ. ಪಾಡ್ಯ ಇಲ್ಲದ ವರ್ಷವೊಂದು ಇರಬಹುದೆಂಬುದು ಅವರಿಗೆ ಹೊಳೆದಿಲ್ಲ, ಏಕೆಂದರೆ ಅವರ ಮನೆಯಲ್ಲಿ ಆ ವರ್ಷವೂ ಬುಟ್ಟಿ ತೂಗಿತ್ತು.

"ಮಾವ ಪೂಜೆ ಮಾಡದೇ ಲೆಕ್ಕ ಮಾತ್ರ ಬಂದ್ ಮಾಡಿರ್ಬಹುದು," ಎಂದ ವಿಕಾಸ. ದನಿ ಮತ್ತೆ ಮೆತ್ತಗಾಗಿತ್ತು. "ಲೆಕ್ಕದ ಮನುಷ್ಯ ಅಲ್ರಾ. ಸೂತಕ ಇದ್ರೂ ಲೆಕ್ಕ ಬಿಡೂದಿಲ್ಲ."

"ಇರಬಹುದು." ನಾನು ಲಕೋಟೆಯಿಂದ 2005ರ ಸಿ.ಡಿ. ತೆಗೆದು ಚಕ್ಕುಲಿ ತಟ್ಟೆಯ ಪಕ್ಕಕ್ಕೆ ಇಟ್ಟೆ. "ಪೂಜೆ ಮಾಡದೇ ಇದ್ರೆ ಈ ಕುಂಕುಮ ಎಲ್ಲಿಂದ ಬಂತು?"

ಮೂವರೂ ಆ ಕೆಂಪು ಬೊಟ್ಟನ್ನು ನೋಡಿದೆವು.

ವಿಕಾಸನ ಕಣ್ಣು ಮೆಲ್ಲಗೆ ಹೆಂಡತಿಯ ಕಡೆ ತಿರುಗಿತು. ಅವಳು ತಲೆ ಎತ್ತಲಿಲ್ಲ.

"ದೇವಕಿ ಅವರೇ, ಇದನ್ನ ಹಚ್ಚಿದ್ದು ಯಾರು?"

"ಅಪ್ಪನೇ ಹಚ್ಚಿರ್ಬೇಕು," ಎಂದಳು. ಚಾಕ್ಕೆ ಸಕ್ಕರೆ ಸಾಕಾ ಎಂದು ಕೇಳುವ ದನಿ.

"ನಿಮ್ಮ ಆಯಿ ತೀರಿಕೊಂಡ ವರ್ಷ?"

"ನಂಗೆ ಗೊತ್ತಿಲ್ಲ ಮೇಡಂ. ನಾನು ಇಲ್ಲಿದ್ದೆ."

"ನಾಗು ನಾಳೆ ಕೊಲೆಗಾರ ಅಂತ ಕೋರ್ಟಿಗೆ ಹೋಗ್ತಾನೆ. ನಿಮ್ಮನ್ನ ಎತ್ತಿ ಆಡ್ಸಿದವನು."

"ಗೊತ್ತದೆ," ಎಂದಳು.

"ಸಾಕು ಮೇಡಂ," ಎಂದ ವಿಕಾಸ. "ಅಪ್ಪನ್ನ ಕಳಕಂಡವಳು ಅವಳು. ನಿಮಗೆ ಬೇರೆ ಯಾರೂ ಹೇಳೂದು ಬೇಡ, ಅದು ಹ್ಯಾಂಗಿರ್ತದೆ ಅಂತ."

ಅವನು ಹೇಳಿದ್ದು ನಿಜ. ಹ್ಯಾಂಗಿರುತ್ತದೆ ಎಂದು ನನಗೆ ಗೊತ್ತಿತ್ತು. ಅದಕ್ಕೇ ದೇವಕಿಯ ಮುಖವನ್ನು ಮತ್ತೆ ನೋಡಿದೆ. ಅಲ್ಲಿದ್ದದ್ದು ದುಃಖವಲ್ಲ. ದುಃಖ ಬರುವುದಕ್ಕೆ ಸ್ವಲ್ಪ ನೆಮ್ಮದಿಯ ಜಾಗ ಬೇಕು. ಇವಳಿಂದ ಆ ಜಾಗವನ್ನೂ ಯಾರೋ ಕಸಿದುಕೊಂಡಿದ್ದರು.

ಎದ್ದೆ. ಇದಕ್ಕಿಂತ ಹೆಚ್ಚು ಇವತ್ತು ಸಿಗುವುದಿಲ್ಲ. ಫೈಲಿನ ಗಾತ್ರ, ಇಲ್ಲದ ಹಬ್ಬ, ಅರ್ಧಕ್ಕೆ ನಿಂತ ಒಂದು ಮಾತು. ಸಾಕ್ಷಿ ಹೇಳುವವರು ಯಾರೂ ಇಲ್ಲ. ಸಾಹೇಬರು ಇವನ್ನೆಲ್ಲ ಕೇಳಿ ಮತ್ತೆ ನನಗೆ ರಜಾ ತೆಗೆದುಕೊಳ್ಳಲು ಹೇಳುತ್ತಾರೆ, ಅಷ್ಟೇ.

ಮೆಟ್ಟಿಲ ಹತ್ತಿರ ಹೋಗಿದ್ದೆ.

"ಮೇಡಂ, ಒಂದು ನಿಮಿಷ."

ದೇವಕಿ ದೇವರ ಕೋಣೆಯಿಂದ ಬಂದಳು. ಕೈಯಲ್ಲಿ ಕುಂಕುಮದ ಬಟ್ಟಲು. ಮನೆಗೆ ಬಂದ ಹೆಂಗಸು ಹೊರಡುವಾಗ ಕೊಡುತ್ತಾರಲ್ಲ, ಹಾಗೆ. ಅವಳು ನೇರ ನನ್ನ ಎದುರು ಬಂದು ನಿಂತಳು, ಬೆರಳದ್ದಿದಳು, ನನ್ನ ಖಾಲಿ ಹಣೆಗೆ ಒತ್ತಿದಳು. ಗಟ್ಟಿಯಾಗಿ ಒತ್ತಿದಳು.

ನಾನು ಹಿಂದೆ ಸರಿಯಲಿಲ್ಲ. ಅಂಗಳದಲ್ಲಿ ಬೊಮ್ಮಯ್ಯ ಮುಖ ಆಚೆ ತಿರುಗಿಸಿದ.

"ದೇವಕಿ." ವಿಕಾಸನ ದನಿ ಮೊದಲ ಸಲ ಏರಿತು. "ಎಂತ ಮಾಡ್ತಿದ್ದೆ ನೀನು? ಅವ್ರ ಯಜಮಾನ್ರು ಹೋಗಿ ಇನ್ನೂ ವರ್ಷ ಆಗ್ಲಿಲ್ಲ. ಸಾವು ಆದ ಮನೆಯವ್ರಿಗೆ ಕುಂಕುಮ ಹಚ್ತಾರಾ?"

"ಹಚ್ಚೂದಿಲ್ಲ," ಎಂದಳು ದೇವಕಿ. ಅವಳ ಕಣ್ಣು ನನ್ನ ಕಣ್ಣಿನಿಂದ ಕದಲಲಿಲ್ಲ. "ಗೊತ್ತದೆ. ಗೊತ್ತಿದ್ದೇ ಹಚ್ತೆ. ಹೋದ ಸಲವೂ ಗೊತ್ತಿದ್ದೇ ಹಚ್ಚಿದ್ದೆ ಮೇಡಂ."

ನನ್ನ ಕೈಯಲ್ಲಿ ಲಕೋಟೆ ಇತ್ತು. ಅದರೊಳಗೆ ಐದು ಬೊಟ್ಟುಗಳು.

ಗಂಡ ಸುಳ್ಳು ಸಿ.ಡಿ. ಮಾಡಿ ಕುಂಕುಮ ಹಚ್ಚು ಎಂದು ಮುಂದಿಟ್ಟಿದ್ದಾನೆ. ಆ ವರ್ಷ ತವರಲ್ಲಿ ದೀಪ ಹಚ್ಚಿರಲಿಲ್ಲ ಎಂದು ಅವಳೊಂದು ಮಾತು ಹೇಳಿದ್ದರೆ ಅವನು ಅದನ್ನು ಒಡೆದು ಹಾಕುತ್ತಿದ್ದ. ಅವಳು ಹೇಳಲಿಲ್ಲ. ಬೆರಳದ್ದಿ ಹಚ್ಚಿದಳು. ಯಾರಾದರೂ ಒಬ್ಬರು, ಸಾವು ಆದ ಮನೆಯಿಂದ ಬಂದವರು, ಒಂದು ದಿನ ಅದನ್ನು ನೋಡಿಯಾರು ಎಂದು ಹಚ್ಚಿದಳು.

ಇದೆಲ್ಲ ತಲೆಗೆ ಇಳಿಯಲು ನನಗೆ ಎಂದಿನಂತೆ ಸ್ವಲ್ಪ ಹೊತ್ತು ಹಿಡಿಯಿತು. ವಿಕಾಸನಿಗೆ ಅಷ್ಟು ಹೊತ್ತು ಬೇಕಾಗಲಿಲ್ಲ. ಅವನು ಬಟ್ಟಲನ್ನು ನೋಡಿದ, ನನ್ನ ಹಣೆಯನ್ನು ನೋಡಿದ, ಲಕೋಟೆಯನ್ನು ನೋಡಿದ. ಅವನ ಮುಖದಲ್ಲಿ ಕೋಪ ಕೂಡ ಇರಲಿಲ್ಲ.

"ಒಳಗೆ ನಡಿ," ಎಂದ ಹೆಂಡತಿಗೆ, ಮೆತ್ತಗೆ. ಅವಳ ತೋಳು ಹಿಡಿದಿದ್ದ.

ದೇವಕಿ ಹೋದಳು. ತಿರುಗಿ ನೋಡಲಿಲ್ಲ.

ನಾನು ಇನ್ನೂ ಕೊನೆಯ ಮೆಟ್ಟಿಲಲ್ಲಿದ್ದೆ. ಓಣಿಯ ಮನೆಗಳಲ್ಲಿ ಒಂದೊಂದಾಗಿ ಸಂಜೆಯ ದೀಪ ಹೊತ್ತಿಕೊಳ್ಳುತ್ತಿತ್ತು. ಮಳೆಗಾಲದಿಂದ ಈಚೆಗೆ ಮೊದಲ ಸಲ ನನಗೆ ಹೆದರಿಕೆಯಾಯಿತು. ದೇವಕಿಯ ಬಗ್ಗೆ, ನಿಜವಾದ ಹೆದರಿಕೆ.

ದೀಪ ಹಚ್ಚುವ ಹೊತ್ತಿಗೆ ನಮ್ಮ ಕಡೆ ಯಾರೂ ಎದುರು ಬಾಗಿಲು ಹಾಕುವುದಿಲ್ಲ. ನನ್ನ ಬೆನ್ನ ಹಿಂದೆ ಬಾಗಿಲು ಮುಚ್ಚಿತು, ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿಸಿತು.